ಬಾಳಪ್ಪನ ಕೈಗೆ ನೀರ ಹಾಕಿದ ಸಂಜಿ

ಅಯ್ಯ, ಸಂಜಿಕ ಕೆಲಸದವ್ರ ಕೈಗೆ ನೀರ ಹಾಕೂದು ಕಳ್ಳರನ್ನ ಹಿಡಿಯಾಕ ಅಲ್ಲವಾ! ಯಾರ ಹೇಳಿದ್ರ ನಿನಗ? ನಿಮ್ಮಪ್ಪ ಹೇಳಿರತಾನ, ಅವಂಗ ಮದಲಿಂದೂ ಹಂಗ ಅನಸ್ತೈತಿ. ಪ್ರಾಚೀ, ಇಲ್ಲಿ ಕಟ್ಟಿ ಮ್ಯಾಲೆ ಬಂದ ಕುಂದರ. ಸನ್ಮತಿ, ನೀನೂ ಆ ಮೊಬೈಲ ತಗದ ಇಡು. ಇಟ್ಟಿ? ಹಾಂ. ನೋಡ್ರಿ, ಬೆಳ್ಳಿ ಕೆಲಸಾ ಅಂದ್ರ ಪುಡಿ ಇದ್ದದ್ದ. ಅರಾ ಹಾಕಿ ತಿಕ್ಕಿದ್ರ ಪುಡಿ, ತಂತಿ ಕತ್ತರಿಸಿದ್ರ ಪುಡಿ, ಉಗರಿನ ಸಂದ್ಯಾಗ, ಕೈಯಾನ ಗೆರಿವೊಳಗ, ಎಲ್ಲಾ ಕಡೆ ಹೋಗಿ ಕುಂದರತೈತಿ. ಅದಕ್ಕ ನಮ್ಮ ಹುಪರಿವೊಳಗ ಯಾವ ಕಾರಖಾನಿಗೆ ಬೇಕಾದ್ರ ಹೋಗ್ರಿ, ಬಾಗಲದಾಗ ಒಂದ ಹಂಡೆ ಇರತೈತಿ. ಸಂಜಿಕ ಮನಿಗೆ ಹೋಗೂ ಮುಂದ ಅದರಾಗ ಕೈ ತೊಳದ ಹೋಗೂದು, ತಳಕ್ಕ ಕುಂತ ರಾಡಿ ವರ್ಷಕ್ಕೊಮ್ಮೆ ಸೋಸಿ ಕರಗಸೂದು. ಇದು ಎಲ್ಲಾರ ಪದ್ಧತಿ. ನಮ್ಮನೀದ ಏನ ಬ್ಯಾರೆ ಅಂದ್ರ, ನಮ್ಮಲ್ಲಿ ಕೆಲಸದವ್ರು ತಾವ ತೊಳಕೊಳ್ಳೂದಿಲ್ಲ. ಮಾಲಕ ನಿಂತು ತಂಬಗೀಲೆ ನೀರ ಹಾಕತಾನ. ನಮ್ಮ ಮಾವನವ್ರು, ಅಂದ್ರ ನಿಮ್ಮ ಮುತ್ತಜ್ಜ, ಅವ್ರು ಹಚ್ಚಿದ ಪದ್ಧತಿ ಅದು. ನಾ ಮುರಗೂಡದಿಂದ ಸೊಸಿಯಾಗಿ ಬಂದ ಹೊಸದಾಗಿ ಅದನ್ನ ನೋಡಿ ನಂಗ ನಗಿ. ನಿಮ್ಮಜ್ಜಾಗ ಅಂದೆ, "ಏನ್ರಿ ಇದು, ನಿಮ್ಮಪ್ಪಾರು ಆಳಮಕ್ಕಳ ಕೈ ತೊಳಸಾಕ ನಿಂತಾರಲ್ಲ, ಬೀಗರ ಬಂದಾರೇನ?" ಅಂತ. ಮೆಲ್ಲಕ ಅಂದೆ ಅಂತ ನಾ ತಿಳಕೊಂಡಿದ್ದೆ. ಮಾವನವ್ರಿಗೆ ಕೇಳಸ್ತು. ನನ್ನ ದನಿ ಆಗೂ ಹಿಂಗ ಇತ್ತಲ್ಲ! "ಬಾ ಪೋರಿ, ಇಲ್ಲಿ ಬಂದ ನಿಲ್ಲು" ಅಂದ್ರು. ನಿಂತೆ. ಒಬ್ಬಾಂವ ಬಂದ ಕೈ ಚಾಚಿದ, ಕೈ ನಡಗಾಕತ್ತಿತ್ತು. ಮಾವನವ್ರು ನೀರ ಹಾಕೂದ ನಿಲ್ಲಿಸಿ, "ಯಾಕಪಾ, ಮುಂಜಾನಿಂದ ಉಂಡಿಲ್ಲೇನ?" ಅಂದ್ರು. ಉಂಡಿರಲಿಲ್ಲ ಅಂವಾ. ಹೇಣ್ತಿ ಜಗಳಾ ತಗದು ತವರಮನಿಗೆ ಹೋಗಿದ್ಳಂತ. "ಒಳಗ ಹೋಗು, ನಮ್ಮ ಸೊಸಿ ನೀಡತಾಳ" ಅಂದು ನನ್ನ ಕಡೆ ನೋಡಿದ್ರು. ಅಷ್ಟ. ನಂಗ ಮತ್ತೇನೂ ಹೇಳಲಿಲ್ಲ. ನಾ ಹೋಗಿ ನೀಡಿದೆ, ಮಾರಿ ಸಣ್ಣದ ಮಾಡಕೊಂಡ ನೀಡಿದೆ.

ಆ ಹಂಡೇದಾಗ ಸಿಕ್ಕ ಬೆಳ್ಳಿನೂ ಮನಿಗೆ ತಗೋತಿರಲಿಲ್ಲ ಮಾವನವ್ರು. ಅದು ಕೆಲಸದವ್ರ ಆಪತ್ತಿಗೆ. ಯಾರದರೆ ಹೆರಗಿ, ಯಾರದರೆ ದವಾಖಾನಿ, ಅದಕ್ಕಂತ ಬ್ಯಾರೆ ಇಡತಿದ್ರು. "ಅವರ ಕೈಯಾಗಿಂದ ಉದರಿದ್ದು, ಅವರದ" ಅನ್ನಾವ್ರು. ಈಗ ಮಂದಿ ಬಂದು ನಮಗ ಕೇಳತಾರಲ್ಲ, ಮೂರ ತಲಿಮಾರ ಆತು, ಅಕ್ಕಪಕ್ಕದ ಎಷ್ಟೋ ಕಾರಖಾನಿ ಮುಚ್ಚಿದ್ವು, ನಿಮ್ಮದ ಹೆಂಗ ಉಳೀತ ಅಂತ. ಹಿಂಗ ಉಳೀತು. ಬ್ಯಾರೆ ಏನೂ ಮಂತ್ರ ಇಲ್ಲ. ಆದ್ರ ನಾ ಇವತ್ತ ಅದನ್ನ ಹೇಳಾಕ ಕುಂತಿಲ್ಲ, ನಾ ಅದನ್ನ ಹೆಂಗ ಕೆಡಿಸಿದೆ ಅನ್ನೂದ ಹೇಳತೇನಿ. ನಿಮ್ಮಪ್ಪ ಇದನ್ನ ನಿಮಗ ಹೇಳಿರಾಕಿಲ್ಲ. ನನ್ನ ಮಾನಾ ಹೋಗತೈತಿ ಅಂತ ಸುಮ್ಮನಿರತಾನ ಪಾಪ.

ನಿಮ್ಮಜ್ಜ ಹೋದಾಗ, ಕೊಲ್ಹಾಪುರ ಪ್ಯಾಟ್ಯಾಗ ಒಬ್ಬ ವ್ಯಾಪಾರೀ ಕೂಡ ಚಾ ಕುಡಿಯಾಕತ್ತಾವ್ರು ಕುಂತಲ್ಲೆ ಹೋದ್ರು, ಆಗ ನಿಮ್ಮಪ್ಪ ಅಜಿತ ಇನ್ನಾ ಸಾಳಿಗೆ ಹೋಗತಿದ್ದ. ಮಾವನವ್ರು ಅದಕ್ಕೂ ಮದಲ ತೀರಕೊಂಡಿದ್ರು. ಭಾವ, ಮೈದುನ, ನನ್ನ ಅಣ್ಣ, ಎಲ್ಲಾರೂ ಬಂದ್ರು, ಎಲ್ಲಾರದೂ ಒಂದ ಮಾತ. "ಹೆಣ್ಮಗಳು, ಇಪ್ಪತ್ತ ಮಂದಿ ಗಂಡಸರನ್ನ ಹೆಂಗ ಸಂಭಾಳಸ್ತಿ? ಮುಚ್ಚು, ಜಾಗಾ ಬಾಡಗಿಗೆ ಕೊಡು." ಕಾರಖಾನಿ ಬಂದ್ ಇತ್ತು. ನಾನೂ ಹೂಂ ಅಂದ ಬಿಟ್ಟಿದ್ದೆ ಖರೇ ಹೇಳತೇನಿ. ಆಗ ಬಾಳಪ್ಪ ಬಂದ. ಬಾಳಪ್ಪ ಅಂದ್ರ ನಮ್ಮಲ್ಲಿ ಬೆಂಕಿ ಮುಂದ ಕುಂತು ಬೆಸಗಿ ಹಾಕಾಂವ. ಕಾಲಗೆಜ್ಜಿ ಕೊಂಡಿಗೆ ಅಂವಾ ಬೆಸಗಿ ಹಾಕಿದ್ರ ಎಲ್ಲಿ ಕೂಡೇತಿ ಅಂತ ಕಣ್ಣಿಗೆ ಕಾಣತಿರಲಿಲ್ಲ. ಸಂಕೇಶ್ವರ ಕಡೆಯಾಂವ, ನಾ ಈ ಮನಿಗೆ ಬರೂಕಿಂತ ಮದಲಿಂದ ಇದ್ದಾಂವ. ಹೇಣ್ತಿ ತೀರಿದ್ಳು, ಒಬ್ಬಾಕಿ ಮಗಳು ಶಾಂತಾ, ಅಕಿನ್ನ ಗಡಹಿಂಗ್ಲಜ ಕಡೆ ನೇಸರಿಗೆ ಕೊಟ್ಟಿದ್ದ, ತಾ ಇಲ್ಲೆ ನಮ್ಮ ಹಿತ್ತಲದ ಖೋಲ್ಯಾಗ ಇರತಿದ್ದ. ಅಂವಾ ಬಂದು ಅಡಗಿಮನಿ ಬಾಗಲದ ಹೊರಗ ನಿಂತ. ಒಳಗ ಬರಲಿಲ್ಲ, ಕುಂದರಲಿಲ್ಲ. "ವೈನಿ, ನಾಳೆ ಕಾರಖಾನಿ ತಗೀತೀವ್ರಿ. ಕೆಲಸಾ ನಮಗ ಬರತೈತಿ, ಅದರ ಕಾಳಜಿ ಬ್ಯಾಡ. ಸಂಜಿಕ ನೀರ ಯಾರ ಹಾಕವ್ರು, ಅಷ್ಟ ಹೇಳ್ರಿ ನಮಗ" ಅಂದ. ನನಗ ಎಲ್ಲಿತ್ತೋ ಅಳು, ಬಂದಬಿಡ್ತು. ಗಂಡ ಹೋದ ದಿನಾನೂ ಹಂಗ ಅತ್ತಿರಲಿಲ್ಲ ನಾ.

ಮರದಿನಾ ಸಂಜಿಕ ತಲಿಮ್ಯಾಲೆ ಸೆರಗ ಹೊತ್ತಕೊಂಡು ಹೋಗಿ ನಿಂತೆ. ಗಡಬಡಿಸಿ ಅರ್ಧಾ ತಂಬಗಿ ನೀರ ನನ್ನ ಕಾಲ ಮ್ಯಾಲೆ ಚೆಲ್ಲಕೊಂಡೆ ನೋಡ್ರಿ. ಯಾರೂ ಮುಂದ ಬರವಲ್ಲರು. ಗಂಡಸರು, ಮಾಲಕರ ಹೇಣ್ತಿ ನಮ್ಮ ಕೈಗೆ ನೀರ ಹಾಕೂದಂದ್ರೇನು ಅಂತ ಅವ್ರಿಗೂ ಸಂಕೋಚ. ಬಾಳಪ್ಪ ಮದಲ ಬಂದ ಎರಡೂ ಕೈ ಚಾಚಿದ. "ಹಾಕ್ರಿ ವೈನಿ. ಸಾವಕಾಶ ಹಾಕ್ರಿ, ನೀರೇನ ಎಲ್ಲಿ ಓಡಿ ಹೋಗೂದಿಲ್ಲ." ಅವತ್ತಿಂದ ನಾ ಅವಂಗ ಬಾಳಪ್ಪಣ್ಣಾ ಅಂದೆ. ಬೆಳ್ಳಿ ಕೆಂಪಾದಾಗ ಯಾವಾಗ ಬೆಂಕಿ ತಗೀಬೇಕು, ವ್ಯಾಪಾರಿ ಮಾಲ ಕೈಯಾಗ ಹಿಡದ ಮುಖಾ ತಿರುವಿದ್ರ ಅದು ನಾಟಕೋ ಖರೇನೋ, ಎಲ್ಲಾ ಅಂವಾನ ಕಲಿಸಿದ್ದು. ನಾ ಸಿಟ್ಟಿನಾಕಿ, ನಿಮಗ ಗೊತ್ತಿದ್ದದ್ದ. ಯಾರಿಗರೆ ಬೈದ್ರ ಅಂವಾ ಮೆಲ್ಲಕ ಬಂದು, "ವೈನಿ, ಸಂಜಿಕ ಅವನ ಕೈಗೆ ನೀರ ಹಾಕಬೇಕಲ್ರಿ ನೀವು" ಅಂತಿದ್ದ. ಅಷ್ಟಕ್ಕ ನನ್ನ ಸಿಟ್ಟ ಇಳೀತಿತ್ತು.

ಕರೋನಾ ಬಂತಲ್ಲ, ನೀವಿಬ್ರೂ ಸಣ್ಣಾವ್ರಿದ್ರಿ, ಮಾಸ್ಕ ಹಾಕೊಂಡ ಅಂಗಳದಾಗ ಆಡತಿದ್ರಿ, ಆಗ ಕಾರಖಾನಿ ಬಂದ್, ಪ್ಯಾಟಿ ಬಂದ್, ಎಲ್ಲಾ ಬಂದ್. ಕಾಲಗೆಜ್ಜಿ ಯಾರಿಗೆ ಬೇಕಿತ್ತು ಆಗ! ಊರಾಗ ಎಷ್ಟೋ ಕಡೆ ಕೆಲಸದವ್ರಿಗೆ ನಾಳಿಂದ ಬರಬ್ಯಾಡ್ರಿ ಅಂದ್ರು. ನಮ್ಮಲ್ಲಿಂದ್ಲೂ ಇಬ್ರು ಇಚಲಕರಂಜಿಗೆ ಮಗ್ಗದ ಕೆಲಸಕ್ಕ ಹೊಂಟಿದ್ರು, ಅಲ್ಲೂ ಮಗ್ಗಾ ನಿಂತಿದ್ವು, ಹೊಳ್ಳಿ ಬಂದ್ರು. ನಾ ಅಂದೆ, ಒಬ್ಬರನ್ನೂ ಬಿಡೂದಿಲ್ಲ. ಹಂಡೇದ ಬೆಳ್ಳಿ ಎಲ್ಲಾ ತಗದೆ, ಸಾಲಲಿಲ್ಲ, ನನ್ನ ಕೈಯಾನ ಬಂಗಾರದ ಪಾಟಲಿನೂ ತಗದೆ. ಬಾಳಪ್ಪ ದಿನಾ ಸೈಕಲ್ಲಿಗೆ ಜ್ವಾಳದ ಹಿಟ್ಟಿನ ಚೀಲಾ ಕಟಗೊಂಡು ಮನಿ ಮನಿಗೆ ಮುಟ್ಟಸ್ತಿದ್ದ, ಪೋಲೀಸರ ಕಡೆ ಎರಡ ಬಡಿಗಿ ಏಟೂ ತಿಂದ. "ಹಿಟ್ಟಿನ ಚೀಲಕ್ಕ ಬಡದಾರ್ರಿ ವೈನಿ, ನನಗಲ್ಲ" ಅಂತ ನಗತಿದ್ದ, ಅಂಗಿ ಎಲ್ಲಾ ಬಿಳೇ ಆಗಿತ್ತು. ಹಿಂಗ ದಾಟಿದ್ವಿ. ದಾಟಿದ ಮ್ಯಾಲೆ ಏನಾತ ಅಂದ್ರ, ಕೊಲ್ಹಾಪುರದಾಗ ಒಂದ ಸಭಾ ಮಾಡಿ ನಂಗ ಶಾಲ ಹೊದಿಸಿದ್ರು. ಕೆಲಸದವ್ರನ್ನ ಮನಿ ಮಂದಿಗತೆ ನೋಡಕೊಂಡಾರ, ಕಾರಖಾನಿ ಹೆಂಗ ನಡಸಬೇಕು ಅನ್ನೂದ ಇವರನ್ನ ನೋಡಿ ಕಲೀರಿ ಅಂತ ಮೈಕಿನ್ಯಾಗ ಹೇಳಿದ್ರು. ನನಗ ಭಾಳ ಹಿಗ್ಗ ಆತು. ಸುಳ್ಳ ಯಾಕ ಹೇಳಲಿ. ಶಾಲ ಹೆಗಲ ಮ್ಯಾಲೆ ಹಾಕಿದ್ರು, ಅದು ನನ್ನ ತಲೀಗೆ ಏರಿತು. ಚೀಲಾ ಹೊತ್ತಾಂವ ಊರಾಗ ಬೆಂಕಿ ಮುಂದ ಕುಂತಿದ್ದ ಅವತ್ತೂ, ಕರಕೊಂಡ ಹೋಗಬೇಕಂತ ನಂಗ ಹೊಳೀಲೇ ಇಲ್ಲ.

ಅದಾಗಿ ಎರಡೋ ಮೂರೋ ವರ್ಷ... ಎರಡ, ಎರಡ ವರ್ಷ. ಶ್ರಾವಣ ಹತ್ತಿತ್ತು, ಜಿಟಿಜಿಟಿ ಮಳಿ. ದೊಡ್ಡ ಲಗ್ನದ ಗೆಜ್ಜಿ ಜೋಡಿ ಮಾಡಿದ್ವಿ, ನವಿಲಿನ ಕೊಂಡೀದು. ವ್ಯಾಪಾರೀ ಮನಷ್ಯಾ ಮಧ್ಯಾನದಿಂದ ಬಂದು ಕುಂತಿದ್ದ, ತಗೊಂಡ ಹೋಗತೇನಿ ಅಂತ. ಸಂಜಿ ಹೊತ್ತಿಗೆ ನೋಡಿದ್ರ ಒಂದ ಗೆಜ್ಜಿ ಐತಿ, ಇನ್ನೊಂದಿಲ್ಲ. ಚಾಪಿ ಝಾಡಿಸಿದ್ವಿ, ಪೆಟಗಿ ತಗದ್ವಿ, ಮೂಲಿ ಮೂಲಿ ಹುಡುಕಿದ್ವಿ. ಇಲ್ಲ. ಆ ಮನಷ್ಯಾ ಚಾ ಬಟ್ಟಲ ಕೆಳಗ ಇಟ್ಟು, ಮರಾಠ್ಯಾಗ ನಗಕೋತ ಅಂತಾನ, "ಜಾವೂ ದ್ಯಾ ವಹಿನಿ, ಫಾರ ವಿಶ್ವಾಸ ಠೇವಲಾ ಕೀ ಅಸಂಚ ಹೋತಂ." ಭಾಳ ನಂಬಿದ್ರ ಹಿಂಗ ಆಗೂದ ಅಂತ. ಅಜಿತ ಅಲ್ಲೆ ನಿಂತಿದ್ದ. "ಅವ್ವಾ, ನಾ ಎಷ್ಟ ಸಲಾ ಹೇಳೀನಿ ಕ್ಯಾಮೆರಾ ಹಾಕೂನಂತ. ನೀ ಕೇಳೂದಿಲ್ಲ." ಇಬ್ಬರೂ ಅಂದದ್ದು ಕೇಳಿ ನನಗ ಮೈಯೆಲ್ಲಾ ಉರೀತು. ಹೊರಗಿನ ಮನಷ್ಯಾನ ಮುಂದ ನನ್ನ ಮನೀ ಮಂದಿ ಕಳ್ಳರು ಅನಿಸಿಕೊಂಡ್ರಲ್ಲ ಅಂತ ಉರೀಬೇಕಿತ್ತು. ಹಂಗ ಉರೀಲಿಲ್ಲ ಅದು. ನಾ ಮಳ್ಳಿ ಆದ್ನಲ್ಲ ಅಂತ ಉರೀತು. ಅದರಾಗ ಫರಕ ಐತಿ, ಆ ಫರಕ ಆಗ ನನಗ ತಿಳೀಲಿಲ್ಲ.

ಹೊತ್ತಾತು, ನೀರ ಹಾಕಾಕ ನಿಂತೆ. ಒಬ್ಬೊಬ್ಬರ ಬಂದ್ರು. ಬಾಳಪ್ಪ ಬಂದ. ಬಲಗೈ ಚಾಚ್ಯಾನ, ಎಡಗೈ ಸೊಂಟಕ್ಕ ಒತ್ತಿ ಹಿಡದಾನ. ಧೋತರ ಉಡಾಂವ ಅಂವಾ, ಸೊಂಟದಾಗ ಗಂಟ ಎದ್ದ ಕಾಣಾಕತ್ತೈತಿ. ವ್ಯಾಪಾರೀ ಮನಷ್ಯಾ ಆ ಕಡೆನ ನೋಡಾಕತ್ತಾನ. ನನ್ನ ಬಾಯಾಗಿಂದ ಹೊಂಟಬಿಡ್ತು, "ಬಾಳಪ್ಪಾ, ಸೊಂಟದಾಗ ಏನೈತಿ? ಬಿಚ್ಚ ಅದನ್ನ." ಅಣ್ಣಾ ಅನ್ನೂದನ್ನೂ ಬಿಟ್ಟೆ ನೋಡ್ರಿ. ಇಪ್ಪತ್ತ ಮಂದಿ ನಿಂತಾರ. ಹೆಣ್ಮಕ್ಕಳ ನಿಂತಾರ. ಬಾಳಪ್ಪ ನನ್ನ ಮಾರಿ ನೋಡಿದ, ಸಿಟ್ಟಿಲ್ಲ ಏನಿಲ್ಲ, ನಾ ಏನೋ ಬ್ಯಾರೆ ಭಾಷಾದಾಗ ಮಾತಾಡಿದ್ನೋ ಏನೋ ಅನ್ನಾವರಗತೆ ನೋಡಿದ. ಅಂಗೀಗೆ ಕೈ ಒರಸಿಕೊಂಡು ಸಾವಕಾಶ ಗಂಟ ಬಿಚ್ಚಿದ. ಒಂದ ಗುಳಗಿ ಪಾಕೀಟ, ಒಂದ ಸಣ್ಣ ಬೆಲ್ಲದ ಚೂರು. ಅಷ್ಟ. "ಹೊಟ್ಟಿ ನೋಯಾಕತ್ತೈತ್ರಿ ವೈನಿ, ಅದಕ್ಕ ಒತ್ತಿ ಹಿಡದಿದ್ದೆ" ಅಂದ. ಗುಳಗಿ ಹೊಳ್ಳಿ ಕಟಗೊಂಡ. ಆಮ್ಯಾಲೆ ಏನ ಮಾಡಿದ ಗೊತ್ತೈತೇನ? ಎಡಗೈ ಚಾಚಿದ. "ಇದು ತೊಳೀಲಿಲ್ಲರಿ, ಹಾಕ್ರಿ."

ಹಾಕಿದೆ. ನೀರ ಹಾಕಿದೆ ನಾ ಅವಂಗ. ಆದ್ರ ನಾಚಿಕಿಗೆ ಕಣ್ಣ ಆ ಕಡೆ ತಿರುವಿ ಹಾಕಿದೆ. ಅವನ ಕೈ, ಉಗರು, ಎಲ್ಲಾ ಅರಿಷಿಣಾ ಹಚ್ಚಿದಂಗ ಹಳದಿ ಆಗಿದ್ವಂತ, ಕಾಮಣಿ ಏರಿತ್ತು. ಪಾಲಿಶ ಮಾಡೂ ಮಾಲನ್ ಹಿಂದ ನಿಂತಿದ್ಳು, ಅಕಿಗೆ ಕಂಡಿತ್ತು, ಆಮ್ಯಾಲೆ ಹೇಳಿದ್ಳು. ಅಷ್ಟ ವರ್ಷ ದಿನಾ ಕೈ ನೋಡಿದಾಕಿ ನಾ. ಯಾರಿಗೆ ಜ್ವರ, ಯಾರ ಉಂಡಿಲ್ಲ, ಯಾರ ರಾತ್ರಿ ನಿದ್ದಿ ಮಾಡಿಲ್ಲ, ಎಲ್ಲಾ ಹೇಳತಿದ್ದೆ. ನೋಡಬೇಕಾದ ದಿನಾ ಸೊಂಟಾ ನೋಡಿದೆ, ಕೈ ನೋಡಲಿಲ್ಲ. ಅವತ್ತ ನೋಡಿದ್ರ, ಅವತ್ತ ದವಾಖಾನಿಗೆ ಕರಕೊಂಡ ಹೋಗಿದ್ರ... ಡಾಕ್ಟರ ಅಂತಾರ, ಅಕ್ಕಾರ, ಅದು ಮದಲ ಕೈ ಮೀರಿತ್ತು, ಏನೂ ಆಗತಿರಲಿಲ್ಲ ಅಂತ. ಅಂತಾರ ಬಿಡ್ರಿ.

ಗೆಜ್ಜಿ? ಸಿಕ್ತು. ಮರದಿನಾ ಮುಂಜಾನೆ ಮಾಲನ್ ಅಂಟವಾಳದ ನೀರಿನ ಬೋಗಣಿ ಚೆಲ್ಲಾಕ ಹೋದ್ಳು, ತಳದಾಗ ಕುಂತಿತ್ತು. ಇನ್ನೊಮ್ಮೆ ಹೊಳಪ ಬರಲಿ ಅಂತ ತಾನ ಹಾಕಿ ಮರತಿದ್ಳು. ಅದನ್ನ ಹಿಡಕೊಂಡು ಬಂದು ನನ್ನ ಮುಂದ ನಿಂತ ಅಳತಾಳ, ನಾ ಅಕಿ ಮುಂದ ಕುಂತ ಅಳತೇನಿ. ಅಜಿತನ್ನ ಓಡಿಸಿದೆ, ಬಾಳಪ್ಪನ ಖೋಲಿಗೆ. ಕೀಲಿ ಹಾಕಿತ್ತು. ನಸಕಿನ್ಯಾಗ ಎದ್ದು ಎಸ್ಟಿ ಬಸ್ಸಿಗೆ ನೇಸರಿಗೆ ಮಗಳ ಕಡೆ ಹೋಗ್ಯಾನಂತ. ಅಜಿತ ಫೋನ ಹಚ್ಚಿದ. ನಾ ಬಾಜೂಕ ನಿಂತೇನಿ, ನಂಗ ಎಲ್ಲಾ ಕೇಳಸ್ತೈತಿ. "ಸಿಕ್ತೇನಪಾ ಗೆಜ್ಜಿ? ಛಲೋ ಆತು ಛಲೋ ಆತು. ನನಗ ಮೈ ಬರೋಬರ ಇಲ್ಲೋ ಅಜಿತ, ಸ್ವಲ್ಪ ದಿನಾ ಇಲ್ಲಿರತೇನಿ. ವೈನಿ ಅದಾರೇನ ಅಲ್ಲಿ?" ಅಂದ. ವೈನಿ ಅದಾರೇನ ಅಂತ ಕೇಳಿದ ತಾನ! ಅಜಿತ ಫೋನ ನನ್ನ ಕಡೆ ಹಿಡದ. ನಾ ಹಿಂಗ ಕೈ ಮಾಡಿದೆ, ಬಸ್ತಿಗೆ ದೇವರ ದರ್ಶನಕ್ಕ ಹೋಗ್ಯಾಳ ಅಂತ ಹೇಳ ಅಂತ. ದೇವರ ಹೆಸರ ಮ್ಯಾಲೆ ಸುಳ್ಳ ಹೇಳಿಸಿದೆ ಮಗನ ಕಡೆ. ಆಳಿನ ಮುಂದ ತಪ್ಪಾತಪಾ ಅನ್ನಾಕ ನಾಲಗಿ ಹೊಳ್ಳಲಿಲ್ಲ.

ಆಗ ನನ್ನ ತಲ್ಯಾಗ ಬಂತು, ಕ್ಷಮಾವಣಿ ಹತ್ತರ ಐತಲ್ಲ. ನೀವ ಈಗ ಅವತ್ತ ವಾಟ್ಸಾಪಿನ್ಯಾಗ ಒಂದ ಹೂವಿನ ಚಿತ್ರಾ ಕಳಸ್ತೀರಿ, ಮುಗೀತು. ಭಾದ್ರಪದದಾಗ ಹತ್ತ ದಿನದ ಪರ್ವ ಮುಗದ ಮರದಿನಾ, ವರ್ಷೆಲ್ಲಾ ಗೊತ್ತಿದ್ದೋ ಗೊತ್ತಿಲ್ಲದೋ ಮಾಡಿದ ತಪ್ಪಿಗೆ ಎಲ್ಲಾರ ಮುಂದ ಕೈ ಮುಗದ ಕ್ಷಮಾ ಕೇಳೂದು ನಮ್ಮ ಜೈನ ಮಂದ್ಯಾಗ. ಸಣ್ಣಾವ್ರು ದೊಡ್ಡಾವ್ರು ಅನ್ನೂದಿಲ್ಲ ಅವತ್ತ, ಅತ್ತಿ ಸೊಸೀಗೆ ಕೇಳತಾಳ, ಮಾಲಕ ಆಳಿಗೆ ಕೇಳತಾನ, ಯಾರಿಗೂ ಕಮ್ಮಿ ಆದಂಗ ಅನಸೂದಿಲ್ಲ. ನಾ ಅಂದಕೊಂಡೆ, ಅವತ್ತ ಹೋಗತೇನಿ ನೇಸರಿಗೆ. ಸುಮ್ಮನ ಅಲ್ಲ, ಆ ದಿನಾ ನೋಡಿ ಹೋಗಿ ಕಾಲ ಮುಟ್ಟಿ ಕೇಳತೇನಿ, ಅದರಾಗ ಒಂದ ಮಾನಾ ಐತಿ ಅಂತ. ಯಾರ ಮಾನಾ? ನಂದ ಮಾನಾ. ಅದು ಆಗ ಗೊತ್ತಾಗಲಿಲ್ಲ. ಧರ್ಮದ ಸೆರಗಿನ್ಯಾಗ ನನ್ನ ಸೊಕ್ಕ ಮುಚ್ಚಿಟ್ಟೆ ನಾ. ಶ್ರಾವಣ ಮುಗೀಲಿ, ಪರ್ವ ಮುಗೀಲಿ ಅಂತ ದಿನಾ ನೂಕಿದೆ. ಆ ಪರ್ವದಾಗ ಒಪ್ಪತ್ತ ಮಾಡಿದೆ, ದಿನಾ ಬಸ್ತಿಗೆ ಹೋದೆ, ಸ್ವಾಧ್ಯಾಯ ಕೇಳಿದೆ. ಮದಲನೇ ದಿನಾನ ಕ್ಷಮಾದ ಮ್ಯಾಲೆ ಪ್ರವಚನ. ಎಲ್ಲಾರಿಗಿಂತ ಮುಂದ ಕುಂತಿದ್ದೆ.

ಇಲ್ಲಿ ಕಾರಖಾನ್ಯಾಗ ಏನಾಗಿತ್ತಂದ್ರ, ಬಾಳಪ್ಪ ನೇಸರಿಗೆ ಹೋದ ದಿನಾ ಸಂಜಿಕ ನಾ ತಂಬಗಿ ಹಿಡದ ನಿಂತೆ. ಮದಲ ಬಂದಾಂವ ಮಾಲನ್‌ನ ಗಂಡ. "ಅಹೋ ವೈನಿ, ನೀವ್ಯಾಕ ತ್ರಾಸ ತಗೋತೀರಿ? ಕೊಡ್ರಿ ಇಲ್ಲಿ, ನಾವ ಹಾಕೋತೀವಿ." ಭಾಳ ಮರ್ಯಾದಿಲೆ ಅಂದ. ತಂಬಗಿ ನನ್ನ ಕೈಯಾಗಿಂದ ತಗೊಂಡ. ಒಬ್ಬರಿಗೊಬ್ಬರ ಹಾಕೊಂಡ್ರು. ಯಾರೂ ಒಂದ ಮಾತ ಕೆಟ್ಟ ಆಡಲಿಲ್ಲ. ನಮಸ್ಕಾರ ಮಾಡಿ ಹೋದ್ರು. ಬೈದಿದ್ರ ಛಲೋ ಇತ್ತು. ಈಗ ಮತ್ತ ಕೈ ಕೊಡತಾರ, ಮಂದಿ ದೊಡ್ಡ ಮನಸಿನವ್ರು. ಆದ್ರ ಅದಕ್ಕ ವರ್ಷದ ಮ್ಯಾಲೆ ಹಿಡೀತು, ಅಲ್ಲಿತನಾ ನಾ ಬಾಗಲದಾಗ ಸುಮ್ಮನ ನಿಂತಿರತಿದ್ದೆ.

ಕ್ಷಮಾವಣಿ ಬಂತು. ಬಸ್ತ್ಯಾಗ ಎಲ್ಲಾರಿಗೂ ಕೈ ಮುಗದೆ, ವರ್ಷಾನಗಟ್ಟಲೆ ಮಾತಾಡದ ನಮ್ಮ ನಾದನಿ ಕೂಡ ಅಪ್ಪಿಕೊಂಡ ಅತ್ತಳು, ಎಷ್ಟ ಹಗರಾಗಿ ಬಿಟ್ಟೆ ಅಂತೀರಿ. ಮಧ್ಯಾನದಾಗ ಅಜಿತನ ಗಾಡ್ಯಾಗ ಹೊಂಟ್ವಿ. ಕಾಗಲ, ನಿಪ್ಪಾಣಿ, ಸಂಕೇಶ್ವರ, ಆ ಕಡೆ ಗಡಹಿಂಗ್ಲಜ. ಗಡಹಿಂಗ್ಲಜ ಸ್ಟ್ಯಾಂಡಿನ ಹತ್ತರ ನಿಂತು ಒಂದ ಧೋತರ ಜೋಡಿ ತಗೊಂಡೆ, ಸೇಬ ತಗೊಂಡೆ. ಅಂಗಡಿಯಾಂವ ಅಗ್ಗದ್ದ ತೋರಿಸಿದ್ರ ಅವಂಗ ಬೈದೆ, ಛಲೋದ ತಗೀ ಅಂತ. ಅಜಿತ ಅಂದ, "ಅವ್ವಾ, ಒಂದ ಫೋನ ಮಾಡೂನು, ಬರಾಕತ್ತೇವಿ ಅಂತ." ನಾ ಬ್ಯಾಡಂದೆ. ಎದರಾ ಎದರ ನಿಂತ ಕೇಳಬೇಕಿತ್ತು ನನಗ. ದಾರಿ ತುಂಬ ಮಾತ ಕೂಡಸಾಕತ್ತಿದ್ದೆ, ಹಿಂಗ ಅನಲ್ಯಾ ಹಂಗ ಅನಲ್ಯಾ. ಬಾಳಪ್ಪಣ್ಣಾ, ನಾ ತಪ್ಪೀನಿ, ನೀ ಹೊಳ್ಳಿ ಬಾ. ಅಷ್ಟ ಸಾಕಿತ್ತಲ್ಲ! ಅಷ್ಟ ಮಾತಿಗೆ ಆರ ವಾರ ಬೇಕಾದ್ವು ನನಗ.

ನೇಸರಿವೊಳಗ ಡೇರಿ ಮುಂದ ಹಾಲ ಹಾಕಾಕ ಹೆಣ್ಮಕ್ಕಳ ಸಾಲ ಹಚ್ಚಿದ್ರು. ಶಾಂತಾನ ಮನಿ ಎಲ್ಲಿ ಅಂದ್ರ ಒಬ್ಬಾಕಿ ನನ್ನ ಕೈಯಾನ ಹಣ್ಣಿನ ಚೀಲಾ ನೋಡಿದ್ಳು, ಏನೋ ಅನ್ನಾಕ ಹೋಗಿ ಬಿಟ್ಟಳು, ಬಟ್ಟ ಮಾಡಿ ತೋರಿಸಿದ್ಳು. ಕಬ್ಬಿನ ಗದ್ದಿಗೆ ಹತ್ತಿ ಮನಿ. ಶಾಂತಾ ಬಾಗಲದಾಗ ಕುಂತಿದ್ಳು. ನನ್ನ ನೋಡಿ ಎದ್ದಳು. "ಬಂದ್ರಿ ಆಯಿ" ಅಂದ್ಳು. ಬಂದ್ರೇನು ಅಂತಲ್ಲ, ಬಂದ್ರಿ. ನಾ ಬರತೇನಿ ಅಂತ ಗೊತ್ತಿದ್ದಾವರಗತೆ. ನಾ ಒಳಗ ಇಣಕಿ, "ಬಾಳಪ್ಪಣ್ಣ ಎಲ್ಲಿ?" ಅಂದೆ. "ಅಪ್ಪ ಹೋಗಿ ಎಂಟ ದಿನಾ ಆತ್ರಿ ಆಯಿ."

ನಾ ಅಲ್ಲೆ ಪಾವಟಗಿ ಮ್ಯಾಲೆ ಕುಂತೆ. ಕೈಯಾನ ಚೀಲಾ ಜಾರಿ ಸೇಬ ಅಂಗಳ ತುಂಬ ಉರುಳಿದ್ವು, ಅಜಿತ ಆರಸಾಕತ್ತ, ಪಾಪ ಅವಂಗ ಏನ ಮಾಡಬೇಕ ತಿಳೀಲಿಲ್ಲ. ನನಗ ಸಿಟ್ಟ ಬಂತು ನೋಡ್ರಿ, ಆಗೂ ಸಿಟ್ಟ! "ಯಾಕ ಹೇಳಿ ಕಳಸಲಿಲ್ಲ ನೀ? ಒಂದ ಫೋನ ಮಾಡಾಕ ಆಗಲಿಲ್ಲೇನ?" ಅಂತ ಅಕಿಗೆ ಚೀರಿದೆ. ಶಾಂತಾ ಚೀರಲಿಲ್ಲ. "ಅಪ್ಪಾನ ಬ್ಯಾಡ ಅಂದಿದ್ದನ್ರಿ. ವೈನೀದು ಪರ್ವ ನಡದೈತಿ, ಒಪ್ಪತ್ತ ಇರತಾರ, ಸೂತಕದ ಸುದ್ದಿ ಮುಟ್ಟಿಸಿ ಅವರ ನೇಮಾ ಕೆಡಸಬ್ಯಾಡ ಅಂದ. ಪರ್ವ ಮುಗದ ಮ್ಯಾಲೆ ತಾವ ಬರತಾರ ಅಂದ."

"ಸಿಟ್ಟಿತ್ತೇನವಾ ನನ್ನ ಮ್ಯಾಲೆ?" ಅಂದೆ. "ಸಿಟ್ಟಿರಲಿಲ್ಲರಿ. ಬಂದ ಹೊಸದಾಗಿ ದಿನಾ ಸಂಜಿಕ ಬಸ್ಸ ಬರೂ ಹೊತ್ತಿಗೆ ಎದ್ದ ಕುಂದರತಿದ್ದ. ಇವತ್ತ ಬರಬಹುದು ಅಂತಿದ್ದ. ಆಮ್ಯಾಲೆ ತಾನ ಲೆಕ್ಕಾ ಹಾಕಿದ, ಇಲ್ಲವಾ, ಅವ್ರು ಕ್ಷಮಾವಣಿ ದಿನಾ ಬರತಾರ, ನನಗ ಅವರ ಸ್ವಭಾವ ಗೊತ್ತೈತಿ, ಅಂದ. ಹಂಗಾರ ಅಲ್ಲಿತನಾ ಇರು ಅಪ್ಪಾ ಅಂದೆ ನಾ. ನಂದ ಏನೈತಿ ಅದರಾಗ, ಇದ್ರ ಇರತೇನಿ ಅಂತ ನಕ್ಕ."

ಆಮ್ಯಾಲೆ ಅಕಿ ಒಳಗ ಹೋಗಿ ಬಾಗಲದಾಗ ನಿಂತು, ನನ್ನ ಮಾರಿ ನೋಡಲಾರದ, ಸೆರಗಿನ ಚುಂಗ ತಿರುವಕೋತ ಅಂದ್ಳು, "ಅಪ್ಪ ಇನ್ನೊಂದ ಹೇಳ್ಯಾನ್ರಿ. ಅವ್ರು ಬಂದ್ರ ಮದಲ ಉಣಸು, ಹೊತ್ತ ಮುಳಗೂದರೊಳಗ ಉಣಸು, ಮುಳಗಿದ ಮ್ಯಾಲೆ ಅವ್ರು ನೀರೂ ಕುಡಿಯೂದಿಲ್ಲ. ಉಳ್ಳಾಗಡ್ಡಿ ಹಾಕಬ್ಯಾಡ, ಬಳ್ಳೊಳ್ಳಿ ಹಾಕಬ್ಯಾಡ, ನೆಲದಾಗ ಬೆಳದ ಗಡ್ಡಿ ಗೆಣಸ ಏನೂ ಹಾಕಬ್ಯಾಡ ಅಂದಾನ. ನಾ ಮುಂಜಾನಿಂದ ಮಾಡಿಟ್ಟ ಕುಂತೇನ್ರಿ ಆಯಿ. ಆದ್ರ ನಮ್ಮನ್ಯಾಗ ಸೂತಕಾ ಐತಿ, ನೀವ ಉಣ್ಣತೀರೋ ಇಲ್ಲೋ..."

ಜ್ವಾಳದ ರೊಟ್ಟಿ, ಹೆಸರಕಾಳಿನ ಪಲ್ಲೆ, ಒಂದ ಬಟ್ಟಲ ಮಸರು. ನಮ್ಮ ಮಂದ್ಯಾಗ ಸೂತಕದ ಮನ್ಯಾಗ ಉಣ್ಣೂದಿಲ್ಲ, ನಾ ಜನ್ಮದಾಗ ಉಂಡಿರಲಿಲ್ಲ. ಉಂಡೆ. ಒಂದ ತುತ್ತೂ ಬಿಡಲಾರದಂಗ ಉಂಡೆ, ಕಣ್ಣೀರ ಎಲ್ಲಾ ತಾಟಿನ್ಯಾಗ. ಸಾಯೂ ಮನಷ್ಯಾ, ಹೊಟ್ಟ್ಯಾಗ ಅಷ್ಟ ಬ್ಯಾನಿ ಇಟಗೊಂಡು, ನಾ ಎಷ್ಟ ಹೊತ್ತಿಗೆ ಉಣ್ಣತೇನಿ, ಏನ ಉಣ್ಣೂದಿಲ್ಲ ಅಂತ ನೆನಪ ಇಟಗೊಂಡ ಹೇಳಿ ಹೋಗ್ಯಾನ. ಮಂದೀನ್ನ ನೋಡಕೊಳ್ಳಾಕಿ ಅಂತ ಶಾಲ ಹೊದಿಸಿಕೊಂಡಾಕಿ ನಾ. ನೋಡಕೊಂಡಾಂವ ಅಂವಾ. ಕ್ಷಮಾ ಕೇಳಾಕ ಹೋದಾಕಿ ನಾ ಉಂಡ ಬಂದೆ, ಕೇಳೂದ ಉಳದ ಬಿಡ್ತು. ಇವತ್ತಿಗೂ ಉಳದೈತಿ ನೋಡ್ರಿ, ಇಲ್ಲೆ, ಎದ್ಯಾಗ. ಯಾರಿಗೆ ಕೇಳಲಿ?

ನಾಳೆ ಈ ಕಾರಖಾನಿ ನೀವಿಬ್ರೂ ನಡಸಾವ್ರು. ಕ್ಯಾಮೆರಾ ಹಾಕ್ರಿ, ಮಶಿನ ತರ್ರಿ, ಏನ ಬೇಕಾದ್ದ ಮಾಡ್ರಿ, ನಾ ಅಡ್ಡ ಬರೂದಿಲ್ಲ. ತಪ್ಪೂ ಮಾಡತೀರಿ, ಮಾಲಕ ಆದ ಮ್ಯಾಲೆ ತಪ್ಪ ಆಗೂವ. ಆದ್ರ ತಪ್ಪಿದ ದಿನಾನ ಹೋಗ್ರಿ. ತಿಥಿ ನೋಡಬ್ಯಾಡ್ರಿ, ಹಣ್ಣ ಧೋತರ ಹುಡುಕಬ್ಯಾಡ್ರಿ, ಬರೇಗೈಲೆ ಹೋಗಿ ಬಾಗಲದಾಗ ನಿಂತು ತಪ್ಪಾತು ಅನ್ರಿ. ದೊಡ್ಡಾವ್ರಾಗಿ ನೀವ ಮದಲ ಅನ್ರಿ. ಸಾಕ, ನನ್ನ ಕಡಿಂದ ಇನ್ನ ಆಗೂದಿಲ್ಲ. ಏಳ್ರಿ.